ಅರವತ್ತು ಅಡಿಯ ಹತ್ತಿರ

ಹಸಿರು ದೀಪ ಬಿದ್ದಾಗಿನಿಂದ ಅರವತ್ತು ಅಡಿಯವರೆಗೂ
ಕಾಂಟೆಸ್ಸಾ ಕಾಂಟೆಸ್ಸಾವೇ.
ಆಮೇಲೆ ಅದು ಚಳಿಜ್ವರ ಹಿಡಿದ ಎಮ್ಮೆ.
ಹಿಂದಿನ ಟೈರು ತನ್ನನ್ನು ತಾನೇ ತುಳಿದು
ಮಡಚುತ್ತದೆ, ಬಿಚ್ಚುತ್ತದೆ, ಮತ್ತೆ ಮಡಚುತ್ತದೆ.
ಮೊದಲ ಸಲ ಕನ್ನಡಿ ಕಳಚಿ ಬಿತ್ತು,
ಎರಡನೇ ಸಲ ನಿನ್ನ ದವಡೆ ಹಲ್ಲಿನ ಚೂರು.

ಎರಡು ರಸ್ತೆ ಕಾಣುತ್ತವೆ, ಅಂದೆ ನೀನು, ಫ್ಲಾವಿಯಾ,
ಹೆಲ್ಮೆಟ್ಟು ತೆಗೆಯುತ್ತ, ರಕ್ತ ಉಗುಳುತ್ತ.
ಎರಡೂ ಕುಣಿಯುತ್ತವೆ. ಯಾವುದರಲ್ಲಿ ಹೋಗಲಿ?

ನಾನು ಬಿಣಗದ ಪಂಕ್ಚರ್ ಅಂಗಡಿಯವ.
ನನಗೆ ಗೊತ್ತಿದ್ದುದು ಗಾಳಿಯ ಲೆಕ್ಕ.
ಅರ್ಧ ಪೌಂಡು ಇಳಿಸಿದೆ, ಹೆಚ್ಚಾಯಿತು.
ಒಂದು ಪೌಂಡು ಏರಿಸಿದೆ,
ನಡುಕ ಹತ್ತಡಿ ಮುಂದೆ ಹೋಗಿ
ಸಾಲ ಕೇಳುವವನ ಹಾಗೆ ಕಾದು ಕೂತಿತ್ತು.
ಶಾಕ್ ಬಿಗಿದೆ. ಟೈರು ಉಜ್ಜಿಸಿ ಕಾಯಿಸಿದೆ,
ಹೊಗೆ ಕಾಳಿ ಸೇತುವೆಯವರೆಗೂ ಹೋಯಿತೆಂದು ಯಾರೋ ಬೈದರು.
ರಸ್ತೆಗೆ ಅಂಟು ಸುರಿದೆ, ಚಪ್ಪಲಿ ಅಲ್ಲೇ ಉಳಿಯಿತು.
ಹಿಡಿತ, ಹಿಡಿತ, ಇನ್ನಷ್ಟು ಹಿಡಿತ.
ಹಿಡಿದಷ್ಟೂ ನಡುಗಿತು.

ಸ್ಕೂಟರಿನ ಟ್ಯೂಬು ತಂದಿದ್ದ ವಿಠೋಬ ತಾಂಡೇಲ,
ಬೈತಖೋಲ ಬಂದರಿನಲ್ಲಿ ಮೂವತ್ತು ವರ್ಷ ಹಗ್ಗ ಹಿಡಿದವ,
ಬೀಡಿ ಆರುವವರೆಗೂ ಸುಮ್ಮನೆ ಕೇಳಿದ.
ಏ ಮುನಾಫಾ,
ಅಲೆ ಎದ್ದಾಗ ಹಗ್ಗವನ್ನು ಗೂಟಕ್ಕೆ ಗಂಟು ಹಾಕ್ತಾರೇನೋ?
ಗೂಟ ಕಿತ್ತು ಬರ್ತದೆ. ಇಲ್ಲ, ಹಗ್ಗ ಹರೀತದೆ. ಇಲ್ಲ, ಇದು,
ಎಂದು ಎಡಗೈ ಎತ್ತಿದ. ಅದರಲ್ಲಿ ಮೂರೇ ಬೆರಳು.
ಎರಡು ಸುತ್ತು ಸುತ್ತು. ತುದಿ ಕೈಯಲ್ಲಿರಲಿ.
ದೋಣಿ ಎಳೆದಾಗ ನಾಲ್ಕು ಬೆರಳಷ್ಟು ಜಾರಲಿ.
ಬಿಡೋದಲ್ಲ ಅದು. ಕಟ್ಟೋದೂ ಅಲ್ಲ.

ಆ ರಾತ್ರಿ ಕ್ಲಚ್ಚಿನ ಸ್ಪ್ರಿಂಗು ಸಡಿಲಿಸಿದೆ, ಅರ್ಧ ಸುತ್ತು.
ಟಾರ್ಚು ಹಿಡಿದಿದ್ದ ನೀನು ಕೆರಳಿದೆ:
ಇಷ್ಟು ದಿನ ಜಾರಬಾರದೆಂದು ಜಗಳಾಡಿ
ಈಗ ನೀನೇ ಜಾರಿಸುತ್ತೀಯಾ?
ಉತ್ತರ ಇರಲಿಲ್ಲ ನನ್ನಲ್ಲಿ. ಪಾನಾ ಇತ್ತು.

ಆದಿತ್ಯವಾರ. ಅಂಕೋಲೆಯ ಆಚೆ, ಇನ್ನೂ ಬಿಡದ ಬೈಪಾಸು.
ಡಾಂಬರಿನ ಮೇಲೆ ಉಪ್ಪುಗಾಳಿಯ ತೆಳು ಪಸೆ,
ದೂರದಲ್ಲಿ ಪರವಾನಗಿ ಕಾಗದ ಮಡಚುತ್ತ ನಿಂತ ಪೊಲೀಸ.
ಹಸಿರು.
ರಬ್ಬರು ಮೊದಲು ಜಾರಿತು,
ಉಗುರು ಕಂತುವಷ್ಟು, ಅಷ್ಟೇ,
ಮತ್ತೆ ನೆನಪಾದವರ ಹಾಗೆ ನೆಲ ಹಿಡಿಯಿತು.
ಅರವತ್ತು ಅಡಿ. ಕಣ್ಣು ಮುಚ್ಚಿದೆ ನಾನು.
ಸದ್ದು ಒಡೆಯಲಿಲ್ಲ, ಒಂದೇ ಎಳೆಯಾಗಿ ಹೋಯಿತು.

ಎರಡನೇ ಗೇರಿನಲ್ಲಿ ಒಮ್ಮೆ ಅದುರಿತಂತೆ.
ಕಾಲು ಅರ್ಧ ಎತ್ತಿ ಮತ್ತೆ ಒತ್ತಿದೆಯಂತೆ,
ಯಾರೂ ಹೇಳಿಕೊಟ್ಟಿರಲಿಲ್ಲ ಅದನ್ನು.
ಒಂದೇ ರಸ್ತೆ ಇತ್ತು, ಅಂದೆ, ನಾಲಿಗೆಯಿಂದ
ಮುರಿದ ಹಲ್ಲು ಮುಟ್ಟಿ ನೋಡುತ್ತ.

ತಾಂಡೇಲ ಕಡಲಿಗೆ ಹೋಗಿದ್ದಾನೆ.
ಟ್ಯೂಬಿನ ಮೂವತ್ತು ರೂಪಾಯಿ ಇನ್ನೂ ಬಾಕಿ.
ಕೇಳಿಲ್ಲ.