ಐದನೆಯ ಜೇಬು

ಜೀನ್ಸಿಗೆ ಐದು ಜೇಬು.
ಹಿಂದೆ ಎರಡು, ಮುಂದೆ ಎರಡು,
ಬಲಗಡೆಯದರ ಹೊಟ್ಟೆಯೊಳಗೆ ಇನ್ನೊಂದು,
ಎರಡು ಬೆರಳು ಇಳಿದರೆ ಮೂರನೆಯದಕ್ಕೆ ಜಾಗವಿಲ್ಲ.
ಹನ್ನೊಂದು ವರ್ಷ ನಾನು ಹೊಲಿದದ್ದು ಅದೊಂದನ್ನೇ.

ಝಿಪ್ಪು ಮಾಖೋತ್ಸೊಳದು, ಬೆಲ್ಟಿನ ಕುಣಿಕೆ ಲಿನೇಯೊಳದು,
ಸೊಂಟಪಟ್ಟಿ ಗೋಡೆಯಾಚೆ ಯಾರದೋ.
ಇಡೀ ಪ್ಯಾಂಟು ಹೊಲಿದವರು ನಮ್ಮಲ್ಲಿ ಒಬ್ಬರೂ ಇಲ್ಲ.
ಗಂಟೆಗೆ ನೂರಾ ನಲವತ್ತು ಜೇಬು.
ನೂರಾ ಮೂವತ್ತೆಂಟಾದರೆ ಸೂಪರ್‌ವೈಸರು ಬೈಯುತ್ತಿರಲಿಲ್ಲ,
ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದ, ಅಷ್ಟೆ.

ಇದರಲ್ಲಿ ಏನಿಡುತ್ತಾರೆ? ಒಮ್ಮೆ ಕೇಳಿದ್ದೆ.
ಹಿಂದೆಲ್ಲ ಗಡಿಯಾರ, ಎಂದ ಮೆಕ್ಯಾನಿಕ್ಕು ಪಿತ್ಸೊ.
ಈಗ?
ಈಗ ಏನೂ ಇಲ್ಲ. ಆದರೆ ಜೇಬಿಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲ.
ಎಷ್ಟು ನಕ್ಕೆವೆಂದರೆ
ಮಾಖೋತ್ಸೊಳ ಸೂಜಿ ಅವಳ ಉಗುರಿನ ಮೇಲೇ ಓಡಿತು.

ಜೂನ್ ತಿಂಗಳು. ಮಲೂತಿ ಬೆಟ್ಟಗಳ ಮೇಲೆ ಹಿಮ.
ಕಂಬಳಿ ಹೊದ್ದು, ಊಟದ ಡಬ್ಬಿ ಹಿಡಿದು ಬಂದರೆ
ಗೇಟಿಗೆ ಒಂದು ಹಾಳೆ ಅಂಟಿತ್ತು.
ಲಿನೇಯೊ ಓದಿದಳು: ಆರ್ಡರು ಇಲ್ಲ. ಮುಂದಿನ ಸೂಚನೆಯವರೆಗೆ.
ಸಮುದ್ರದಾಚೆ ಯಾರೋ ಒಂದು ಅಂಕಿ ಬದಲಿಸಿದರಂತೆ.
ಸಮುದ್ರವನ್ನೇ ಕಾಣದ ದೇಶ ನಮ್ಮದು.

ಸಾಮಾನು ತಂದುಕೊಳ್ಳಲು ಒಳಗೆ ಬಿಟ್ಟರು.
ಚಪ್ಪಲಿ, ಲೋಟ, ಕುರ್ಚಿಯ ಮೇಲಿನ ದಿಂಬು.
ಹೊರಗೆ ಬರುವಾಗ ಗಾರ್ಡು ಎಂದಿನಂತೆ ಮೈ ತಡವಿದಳು,
ಕಂಕುಳು, ಸೊಂಟ, ತೊಡೆ,
ದಿಂಬನ್ನೂ ಹಿಸುಕಿ ನೋಡಿದಳು.
ಬೇಜಾರು ಮಾಡಿಕೋಬೇಡ ಅಕ್ಕಾ,
ನನ್ನ ಕೆಲಸ ನಾಳೆಯವರೆಗೂ ಇದೆ.

ನಮ್ಮಲ್ಲಿ ಎದುರಾದವರಿಗೆ ಶಾಂತಿ ಅನ್ನುತ್ತೇವೆ: ಖೋತ್ಸೊ.
ಮಾಖೋತ್ಸೊ ಅಂದರೆ ಶಾಂತಿಯ ತಾಯಿ.
ಮಗ ಕೆಲಸ ಹುಡುಕಿ ಗಡಿ ದಾಟಿದ, ಆಮೇಲೆ ಫೋನು ಹತ್ತಲಿಲ್ಲ.
ದಿನಾ ಬೆಳಗ್ಗೆ ಓಣಿಗೆ ಓಣಿಯೇ ಅವನ ಹೆಸರು ಹೇಳುತ್ತದೆ.
ಅವಳು ಪ್ರತಿಸಲವೂ
ಒಂದು ಚೂರು ತಿರುಗುತ್ತಾಳೆ.

ಬಾಡಿಗೆಯ ಸಾಲುಕೋಣೆಗಳಿಗೆ ಹನ್ನೆರಡು ಬಾಗಿಲು,
ಆಗಸ್ಟಿನ ಹೊತ್ತಿಗೆ ಏಳಕ್ಕೆ ಬೀಗ.
ಮೆಕ್ಕೆಜೋಳದ ಮುದ್ದೆ ತೆಳ್ಳಗಾಗುತ್ತಾ ಗಂಜಿಯಾಯಿತು.
ನಿದ್ದೆಯಲ್ಲಿ ಕಂಬಳಿಯ ಅಂಚು ಮಡಚುತ್ತಿದ್ದೆ ಅಮ್ಮಾ,
ಮಡಚುವುದು, ಒತ್ತುವುದು, ಪಕ್ಕಕ್ಕೆ ತಳ್ಳುವುದು,
ಎಂದಳು ಮಗಳು.
ಗಂಟೆಗೆ ಎಷ್ಟು, ಎಂದೆ. ಅವಳು ನಗಲಿಲ್ಲ.

ಈಗ ಬಸ್ ಸ್ಟಾಪಿನ ಬಳಿ ಹಿಟ್ಟಿನುಂಡೆ ಕರಿಯುತ್ತೇನೆ.
ಶಿಫ್ಟು ಬಿಟ್ಟಾಗ ಕೊಳ್ಳುತ್ತಿದ್ದವರು ನಾವೇ,
ಈಗ ಮಾರುವವರೂ ನಾವೇ.
ಎಂಟು ಬಾಣಲೆ, ಮೂರು ಗಿರಾಕಿ.
ಎಣ್ಣೆ ಕಪ್ಪಾದರೂ ಚೆಲ್ಲುವಂತಿಲ್ಲ,
ನಾಳೆಗೆ ಸೋಸಿಡಬೇಕು.

ಪಕ್ಕದಲ್ಲಿ ಹಳೆ ಬಟ್ಟೆಯ ಮೂಟೆ ಬಿಚ್ಚುತ್ತಾರೆ.
ಯಾರೋ ತೊಟ್ಟು, ಒಗೆದು, ಸಾಕಾಗಿ ಬಿಟ್ಟದ್ದು
ಹಡಗು ಹತ್ತಿ ವಾಪಸ್ಸು ಬಂದದ್ದು.
ನಿನ್ನೆ ರಾಶಿಯ ತುದಿಯಲ್ಲಿ ಒಂದು ಜೀನ್ಸು ಕಂಡಿತು,
ಮೊಣಕಾಲು ಬೆಳ್ಳಗಾಗಿತ್ತು.
ಕೈ ನನ್ನನ್ನು ಕೇಳದೆಯೇ ಹೋಗಿ
ಸಣ್ಣ ಜೇಬನ್ನು ಒಳಹೊರಗು ಮಾಡಿತು.

ನಲವತ್ತೇಳನೆಯ ಮೆಷೀನಿಗೆ ಒಂದು ಚಾಳಿಯಿತ್ತು,
ಕೊನೆಯ ಹೊಲಿಗೆ ಒಂದೆಳೆ ಎಡಕ್ಕೆ ಜಾರುತ್ತಿತ್ತು.
ಪಿತ್ಸೊ ಎಷ್ಟು ಬಿಚ್ಚಿ ಕೂಡಿಸಿದರೂ ಅಷ್ಟೇ.
ಇಲ್ಲೂ ಜಾರಿತ್ತು.
ಒಳಗೆ ಒಗೆತಕ್ಕೆ ಸಿಕ್ಕಿ ಗಂಟಾದ ಕಾಗದ,
ಟಿಕೀಟೋ, ಚೀಟಿಯೋ,
ಅಂತೂ ಯಾರೋ ಏನೋ ಇಟ್ಟಿದ್ದರು.

ಏನಮ್ಮಾ, ಕೊಳ್ಳುತ್ತೀಯೋ, ಸುಮ್ಮನೆ ಸವರುತ್ತೀಯೋ?
ನನ್ನ ಅಕ್ಷರ ನೋಡುತ್ತಿದ್ದೆ, ಎಂದೆ.
ಅವನಿಗೆ ತಿಳಿಯಲಿಲ್ಲ. ನಲವತ್ತು ಮಲೋತಿ, ಎಂದ.

ಮೂವತ್ತಕ್ಕೆ ಕೊಡುತ್ತಿದ್ದನೇನೋ.
ಅಷ್ಟರಲ್ಲಿ ಎಣ್ಣೆ ಹೊಗೆಯಾಡಿತು,
ಓಡಿದೆ.