ಚೌಕಳಿ ಹಾಳೆಯಲ್ಲಿ ಲಿಸ್ಬನ್

ಮಗನ ಹಳೇ ಲೆಕ್ಕದ ಪುಸ್ತಕ. ಭಾಗಾಕಾರ ಮುಗಿದಲ್ಲಿಂದ
ನನ್ನ ಲಿಸ್ಬನ್ ಶುರು.
ಮೂರು ದಿನ, ನಾಲ್ಕು ಜನ, ಒಂದು ಸೀಸದಕಡ್ಡಿ.
ಒಂಬತ್ತೂ ಹತ್ತಕ್ಕೆ ಕೋಟೆ, ಹನ್ನೊಂದಕ್ಕೆ ಗೋಪುರ,
ಮಧ್ಯಾಹ್ನ ಮೀನಿನ ಗಾಜುಮನೆ, ಬಿಸಿಲಿಗೆ ಅದೇ ತಂಪು.
ಸಾಲು ಕಮ್ಮಿಯಿದ್ದರೆ ಹಳದಿ ಟ್ರಾಮು,
ಇಲ್ಲದಿದ್ದರೆ ದೂರದಿಂದಲೇ ಅದರದೊಂದು ಫೋಟೋ.

ಬ್ರಾಗಾದ ಅಡುಗೆಮನೆಯಲ್ಲಿ ತಟ್ಟೆ ಸರಿಸಿ
ನಕ್ಷೆ ಹಾಸಿದೆ. ಮಡಿಕೆಯ ಮೇಲೆ ಒಂದು ಬೆಟ್ಟ ಹರಿದುಹೋಗಿತ್ತು.
ಬೆನೆದಿತಾಗೆ ಕೆಂಪು ಗೆರೆಯ ಬಸ್ಸು ಬೇಕು, ಮೇಲೆ ಚಾವಣಿ ಇಲ್ಲದ್ದು;
ತೊಮೆಗೆ ನೀಲಿ ಗೆರೆ, ಯಾಕೆಂದರೆ ಅಕ್ಕನಿಗೆ ಕೆಂಪು.
ಅಡೆಲಿನೊ ಎಲೆಕೋಸಿನ ಸಾರಿನಲ್ಲಿ ಬ್ರೆಡ್ಡು ಅದ್ದುತ್ತ ಅಂದ:
ಎಲ್ಲಿಗಾದರೂ ಬರುತ್ತೇನೆ. ಬಸ್ಸು ಮಾತ್ರ ಬೇಡ.

ಇಪ್ಪತ್ತೆರಡು ವರ್ಷ, ಇದೇ ಊರಲ್ಲಿ, ಇಪ್ಪತ್ತನಾಲ್ಕನೇ ನಂಬರು.
ಆಸ್ಪತ್ರೆಯಿಂದ ಸ್ಮಶಾನ, ಸ್ಮಶಾನದಿಂದ ಆಸ್ಪತ್ರೆ.
ನಡುವೆ ಊರೂ ಇದೆ ಅನ್ನುವುದು ಅವನ ಹಳೇ ಜೋಕು.

ಆದರೂ ಲೆಕ್ಕ ಲೆಕ್ಕವೇ. ಬಿಡಿ ಟಿಕೆಟ್ಟುಗಳನ್ನೆಲ್ಲ ಕೂಡಿಸಿದೆ,
ಎರಡು ದಿನದ ಪಾಸಿನ ಪಕ್ಕ ಬರೆದೆ,
ಕಳೆದೆ, ತಪ್ಪಿರಬಹುದೆಂದು ಮತ್ತೆ ಕಳೆದೆ.
ಪಾಸೇ ಅಗ್ಗ. ಹನ್ನೆರಡರೊಳಗಿದ್ದರೆ ಅರ್ಧ.
ತೊಮೆಗೆ ಹನ್ನೆರಡು ತುಂಬಿ ಹನ್ನೊಂದು ದಿನ.
ಕೌಂಟರಿನ ಹತ್ತಿರ ಮಂಡಿ ಸ್ವಲ್ಪ ಮಡಿಸು, ರಾಜಾ.
ಅಡೆಲಿನೊ ಪೂರ್ತಿ ಟಿಕೆಟ್ಟಿನ ಹಣ ಎಣಿಸಿಟ್ಟ, ಮಾತಾಡದೆ.
ಇಂಥ ಮಂಡಿಗಳನ್ನು ಅವನು ದಿನಾ ನೋಡುತ್ತಾನೆ.

ಮೇಲಂತಸ್ತು, ಮುಂದಿನ ಸಾಲು. ಆಗಸ್ಟು. ಸೀಟು ಕಾದ ಹೆಂಚು.
ಕಿವಿಗೆ ಹನ್ನೆರಡು ಭಾಷೆ ಬಲ್ಲ ಒಂದು ತಂತಿ.
ಮಕ್ಕಳ ಕತ್ತು ಎಡಕ್ಕೆ, ಬಲಕ್ಕೆ. ಅವನ ಬಲಗಾಲು ಮಾತ್ರ
ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.
ನಿಧಾನ, ಅಂದ, ಯಾರಿಗೋ. ಹಾಂ, ಈಗ ಬಿಡು.
ತೊಡೆಯ ಮೇಲೆ ಕೈಯಿಟ್ಟೆ. ಕಾಲು ಕೇಳಲಿಲ್ಲ.

ಇಳಿಜಾರಿನ ಒಂದು ಗಲ್ಲಿಯ ಬಾಯಲ್ಲಿ ಯಾರದೋ ವ್ಯಾನು ಅಡ್ಡ.
ಬಸ್ಸು ನಿಂತಿತು. ಕಿವಿಯೊಳಗಿನ ಹೆಂಗಸು ನಿಲ್ಲಲಿಲ್ಲ:
ನಿಮ್ಮ ಎಡಕ್ಕೆ ರಾಣಿಯ ಬೇಸಿಗೆಯ ಅರಮನೆ.
ಎಡಕ್ಕೆ, ಹಗ್ಗದ ಮೇಲೆ ಏಳು ಕಾಲುಚೀಲ,
ನೀರು ತೊಟ್ಟಿಕ್ಕುವ ಟವೆಲ್ಲು, ಬೆಳ್ಳುಳ್ಳಿ ಹುರಿದ ವಾಸನೆ.
ತೊಮೆ ಗಂಭೀರವಾಗಿ ಫೋಟೋ ತೆಗೆದ. ರಾಣಿಯವು, ಅಂದ.

ಪಕ್ಕದ ಸೀಟು ಖಾಲಿ.
ಕೆಳಗೆ ನೋಡಿದರೆ ರಸ್ತೆಯಲ್ಲಿ ನನ್ನ ಗಂಡ,
ಹೂವಿನ ಅಂಗಿ, ಚಪ್ಪಲಿ, ಎತ್ತಿದ ಎರಡು ಕೈ:
ಬಾ, ಬಾ, ಇನ್ನೊಂದು ಗೇಣು, ಸಾಕು, ತಿರುಗಿಸು.
ಡ್ರೈವರು ಹುಡುಗಿ ಕನ್ನಡಿಯಲ್ಲಿ ಅವನನ್ನಷ್ಟೇ ನೋಡಿದಳು.
ಗೋಡೆಗೂ ಬಸ್ಸಿಗೂ ನಡುವೆ ಒಂದು ರೊಟ್ಟಿ ತೂರುವಷ್ಟು ಜಾಗ.
ಬಿಡಿಸಿಕೊಂಡು ಹೊರಟಾಗ ಮೇಲಿದ್ದ ಜರ್ಮನರೆಲ್ಲ ಚಪ್ಪಾಳೆ.
ಇಪ್ಪತ್ತನಾಲ್ಕನೇ ನಂಬರಿನಲ್ಲಿ ಯಾರೂ ತಟ್ಟುವುದಿಲ್ಲ.

ಬಂದು ಕೂತ. ಬೆವರು ಒರೆಸಿಕೊಂಡ.
ಹುಡುಗಿಯ ಕೈ ಚೆನ್ನಾಗಿದೆ, ಅಂದ. ಅಷ್ಟೇ.
ಮುಂದಿನ ತಿರುವಿಗೆ ಕಾಲು ಸುಮ್ಮನಿತ್ತು,
ಅದರಾಚೆಯದಕ್ಕೆ ತಲೆ ನನ್ನ ಭುಜದ ಮೇಲಿತ್ತು.

ಗೋಪುರದ ಹತ್ತಿರ ಇಳಿಯಬೇಕಿತ್ತು. ಪುಸ್ತಕದಲ್ಲಿ ಹಾಗಿದೆ.
ಮಕ್ಕಳು ನನ್ನ ಮುಖ ನೋಡಿದರು. ನಾನು ಬೆರಳನ್ನು ತುಟಿಗಿಟ್ಟೆ.
ಗೋಪುರ ಬಂತು, ಹೋಯಿತು. ಮಠ ಹೋಯಿತು.
ನದಿ ಸ್ವಲ್ಪ ದೂರ ಜೊತೆಗೇ ಬಂದು ಎಲ್ಲೋ ತಪ್ಪಿಸಿಕೊಂಡಿತು.
ಬೆನೆದಿತಾ ತನ್ನ ಟೋಪಿ ತೆಗೆದು ಅಪ್ಪನ ಬೋಳಿಗಿಟ್ಟಳು.
ಕೆಂಪು ಗೆರೆ ಪೂರ್ತಿ ಒಂದು ಸುತ್ತು, ಆಮೇಲೆ ಇನ್ನೊಂದು.
ಗೋಪುರ ಎರಡನೇ ಸಲವೂ ಅಲ್ಲೇ ಇತ್ತು.

ಕೊನೆಯ ನಿಲ್ದಾಣ. ಎಲ್ಲರೂ ಇಳಿದರು.
ಕಣ್ಣುಜ್ಜಿಕೊಂಡು ಎದ್ದವನು ಮೆಟ್ಟಿಲಿನ ಕಡೆ ಬರಲಿಲ್ಲ,
ಹಿಂದಕ್ಕೆ ನಡೆದ, ಒಂದೊಂದೇ ಸಾಲು, ಬಗ್ಗಿ ಸೀಟಿನಡಿ ನೋಡುತ್ತ.
ಖಾಲಿ ಬಾಟಲಿ. ಮತ್ತೆ, ಆಗಸ್ಟು ತಿಂಗಳಲ್ಲಿ,
ಮಗುವಿನ ಅಳತೆಯ ಒಂಟಿ ಉಣ್ಣೆ ಕೈಗವಸು.
ಕೆಳಗಿಳಿದು ಹುಡುಗಿಗೆ ಕೊಟ್ಟ. ಇಬ್ಬರೂ ಹೊರಳಿಸಿ ನೋಡಿದರು.
ಕೇಳಿಕೊಂಡು ಬರುತ್ತಾರೆ, ಅಂದ.
ಬರುತ್ತಾರೆ, ಅಂದಳು.