ಹೊರಕಡೆ

ನಮ್ಮ ಮಾತಲ್ಲಿ ಅದಕ್ಕೆ ಹೊರಕಡೆ ಅನ್ನುತ್ತಾರೆ.
ಹಲ್ ಊರಿನ ಈ ಮನೆಯಲ್ಲಿ ಅದು ಮಹಡಿಯ ಮೇಲೆ, ಬಲಕ್ಕೆ,
ಮಂಚದಿಂದ ಒಂಬತ್ತು ಹೆಜ್ಜೆ.
ಓಡಿದರೆ ಐದು.

ಮೂರನೇ ಡೋಸಿನ ಮೇಲೆ ಶುರುವಾದದ್ದು.
ಮೊದಲು ಅಂಗಡಿಯ ಮೀನಿನ ಮೇಲೆ ಗುಮಾನಿ,
ಆಮೇಲೆ ಹಾಲಿನ ಮೇಲೆ, ಆಮೇಲೆ ಗ್ರಹಚಾರದ ಮೇಲೆ.
ಎರಡು ದಿನ ಮೆಂತ್ಯ ನುಂಗಿ ಮಜ್ಜಿಗೆ ಕುಡಿದು ಸುಮ್ಮನಿದ್ದೆ.
ಫ್ರಿಜ್ಜಿಗೆ ಅಂಟಿಸಿದ್ದ ಹಳದಿ ಕಾರ್ಡು ನನ್ನನ್ನೇ ನೋಡುತ್ತಿತ್ತು:
ಭೇದಿಯಾದರೆ ಕಾಯಬೇಡಿ, ಫೋನು ಮಾಡಿ.

ಇಪ್ಪತ್ತೆರಡು ವರ್ಷ ಈ ಊರಲ್ಲಿ ಬಸ್ಸು ಓಡಿಸಿದವಳು,
ಕುಡುಕರನ್ನು ನಡುದಾರಿಯಲ್ಲಿ ಇಳಿಸಿದವಳು,
ಇದೊಂದು ಮಾತು ಬಾಯಿಂದ ಹೊರಡಲಿಲ್ಲ.

ನರ್ಸು ಮಾರೀನ್ ನಾಚಲಿಲ್ಲ.
ದಿನಕ್ಕೆ ಎಷ್ಟು ಸಲ? ಮೊದಲು ಎಷ್ಟಿತ್ತು?
ರಾತ್ರಿ ಏಳುತ್ತೀರಾ? ರಕ್ತ? ಲೋಳೆ?
ಅಗಸನ ಲೆಕ್ಕದ ಹಾಗೆ ಗೆರೆ ಎಳೆದಿಟ್ಟಿದ್ದೆ,
ನಾಲ್ಕು ಉದ್ದ, ಒಂದು ಅಡ್ಡ.
ಒಂಬತ್ತು, ಅಂದೆ. ಮೊದಲು ಒಂದು, ಅದೂ ಕಾಫಿಯಾದ ಮೇಲೆ.
ಅತ್ತ ಸ್ವಲ್ಪ ಹೊತ್ತು ಕೀಬೋರ್ಡಿನ ಸದ್ದು.
ಚೀಲ ಕಟ್ಟಿಕೊಂಡು ಇವತ್ತೇ ಬನ್ನಿ.

ಗಡ್ಡೆಯ ವಿರುದ್ಧ ಎಬ್ಬಿಸಿದ ನಿಮ್ಮದೇ ರಕ್ಷಣೆ
ಈಗ ಕರುಳಿಗೂ ಕೈ ಹಾಕಿದೆ, ಅಂದರು ಡಾಕ್ಟರು.
ನಮ್ಮಲ್ಲೊಂದು ಮಾತಿದೆ, ಬೇಲಿಯೇ ಎದ್ದು ಹೊಲ ಮೇಯ್ದದ್ದು...
ಇಂಗ್ಲಿಷಿಗೆ ತರುವಷ್ಟರಲ್ಲಿ ಏಳಬೇಕಾಯಿತು.
ಹೊಲ ಅಲ್ಲೇ ಉಳಿಯಿತು.
ಬೇಲಿ ಡ್ರಿಪ್ಪಿನ ಕಂಬ ತಳ್ಳಿಕೊಂಡು ಓಡಿತು.

ಸ್ಟೀರಾಯ್ಡು ಐದು ದಿನ ನರಕ್ಕೆ, ಆಮೇಲೆ ಬಾಯಿಗೆ,
ದಿನಕ್ಕೆ ಹನ್ನೆರಡು ಕೆಂಪು ಮಾತ್ರೆ.
ಕರುಳು ತಣ್ಣಗಾಯಿತು, ತಲೆ ಕಾವೇರಿತು.
ರಾತ್ರಿ ಮೂರಕ್ಕೆ ಎದ್ದು ಸಾಂಬಾರ ಡಬ್ಬಿಗಳಿಗೆಲ್ಲ ಹೊಸ ಚೀಟಿ ಬರೆದೆ,
ಜೀರಿಗೆಯ ಜೊತೆ ಜಗಳವಾಡಿದೆ.
ಇವರು ಕೆಳಗೆ ಬಂದು, ಏನೂ ಕೇಳದೆ, ಬ್ರೆಡ್ಡು ಸುಟ್ಟು ಕೊಟ್ಟರು.
ಆರು ತಿಂದೆ.

ಔಷಧಿ ನಿಲ್ಲಿಸಿದ್ದಾರೆ. ಶ್ವಾಸಕೋಶದ ಆ ಎರಡು ಚುಕ್ಕೆ
ಈಗ ಏನು ಮಾಡುತ್ತಿವೆಯೋ ಮಾರೀನಿಗೂ ಗೊತ್ತಿಲ್ಲ.
ಗೊತ್ತಿಲ್ಲ ಅಂತಲೇ ಅಂದಳು. ಅದು ಹಿಡಿಸಿತು.
ಸ್ಕ್ಯಾನು ಹದಿನಾಲ್ಕನೇ ತಾರೀಕು.

ಮಾತ್ರೆ ಒಮ್ಮೆಗೇ ಬಿಡುವ ಹಾಗಿಲ್ಲ,
ವಾರಕ್ಕೆ ಎರಡರಂತೆ ಇಳಿಸಬೇಕು,
ತುಂಬಿದ ಬಸ್ಸಿಗೆ ಬ್ರೇಕು ಒತ್ತಿದ ಹಾಗೆ,
ನಿಂತವರು ಬೀಳದಂತೆ.

ನಿನ್ನೆ ಪುಸ್ತಕದಲ್ಲಿ ಎರಡೇ ಗೆರೆ.
ಇವತ್ತು ಹೊರಕಡೆ ಹೋಗಿದ್ದೆ. ನಿಜವಾದ ಹೊರಕಡೆ.
ನನ್ನದೇ ಹಳೆಯ ರೂಟಿನಲ್ಲಿ, ಟಿಕೆಟ್ಟು ತೆಗೆದುಕೊಂಡು,
ಹಂಬರ್ ದಂಡೆಯವರೆಗೆ.
ದಾರಿಯ ಶೌಚಾಲಯಗಳೆಲ್ಲ ಬಾಯಿಪಾಠ:
ಲೈಬ್ರರಿ, ಮಾರ್ಕೆಟ್ಟು, ಬಸ್‌ಸ್ಟ್ಯಾಂಡಿನ ಹಿಂಬದಿ.
ಅದಕ್ಕೆ ಮಾತ್ರ ಇಪ್ಪತ್ತು ಪೆನ್ಸು ಬೇಕು.
ನಾಣ್ಯ ಕೋಟಿನ ಜೇಬಲ್ಲಿ, ಬೆರಳುಗಳ ನಡುವೆ,
ಮನೆಗೆ ಬರುವವರೆಗೂ ಬೆಚ್ಚಗಿತ್ತು.